ಲಿವರ್‌ಗೆ ಹರಡಿದ ಕ್ಯಾನ್ಸರ್: ಆಪರೇಷನ್‌ಗೆ ಸಹಿ ಹಾಕುವ ಮುನ್ನ ಕೇಳಬೇಕಾದ್ದು

"ಕರುಳಿನ ಕ್ಯಾನ್ಸರ್ ಲಿವರ್‌ಗೂ ಬಂದಿದೆ, ನಾಲ್ಕನೇ ಸ್ಟೇಜ್ ಅಂತ ಬರೆದಿದ್ದಾರೆ. ಆದರೂ ಆಪರೇಷನ್ ಮಾಡೋಣ ಅಂತಾರೆ. ಒಪ್ಪಬೇಕಾ?" ಈ ಪ್ರಶ್ನೆ ಬರದ ತಿಂಗಳಿಲ್ಲ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಎಲ್ಲಾ ತೆಗೆದಿದ್ದೀವಿ ಅಂದ್ರು. ಹಾಗಾದ್ರೆ ಗುಣ ಆದಂತೆಯೇ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಹೇಳುತ್ತಿರುವುದು ದೊಡ್ಡ ಕರುಳು ಮತ್ತು ಗುದನಾಳದಿಂದ ಲಿವರ್‌ಗೆ ಹರಡಿದ ಕ್ಯಾನ್ಸರ್ ಬಗ್ಗೆ ಮಾತ್ರ. ಸ್ತನದಿಂದಲೋ ಶ್ವಾಸಕೋಶದಿಂದಲೋ ಹರಡಿದ್ದರ ಲೆಕ್ಕ ಬೇರೆ. ಲಿವರ್‌ನಲ್ಲೇ ಹುಟ್ಟಿದ್ದರದ್ದು ಇನ್ನೂ ಬೇರೆ.

ಬೇರೆ ಅಂಗಕ್ಕೆ ಹರಡಿದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಕರುಳಿನ ಕ್ಯಾನ್ಸರ್‌ಗೆ ಯಾಕೆ ಈ ವಿನಾಯಿತಿ? ಕರುಳಿನಿಂದ ಹೊರಟ ರಕ್ತದ ಬಹುಪಾಲು ಪೋರ್ಟಲ್ ಸಿರೆ ಎಂಬ ದೊಡ್ಡ ನಾಳದಲ್ಲಿ ಕೂಡಿಕೊಂಡು ನೇರ ಲಿವರ್‌ಗೆ ಹೋಗುತ್ತದೆ. ಕಳಚಿಕೊಂಡ ಕ್ಯಾನ್ಸರ್ ಕೋಶಗಳಿಗೆ ಅದೇ ಮೊದಲ ಜರಡಿ. ಕೆಲವರಲ್ಲಿ ರೋಗ ಆ ಜರಡಿಯಲ್ಲೇ ನಿಂತಿರುತ್ತದೆ. ಅಂಥವರನ್ನು ಆರಿಸಿ ಗಡ್ಡೆಗಳನ್ನು ಪೂರ್ತಿ ತೆಗೆದರೆ, ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ 40ರಿಂದ 50 ಮಂದಿ ಐದು ವರ್ಷ ದಾಟುತ್ತಾರೆ, ಸುಮಾರು 20 ಮಂದಿ ಹತ್ತು ವರ್ಷವನ್ನೂ ದಾಟುತ್ತಾರೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಎಲ್ಲಾದರೂ ಒಂದು ಕಡೆ ಮರುಕಳಿಸುತ್ತದೆ ಎನ್ನುವುದೂ ಅಷ್ಟೇ ನಿಜ. ಎರಡರಲ್ಲಿ ಒಂದನ್ನಷ್ಟೇ ಹೇಳುವವರನ್ನು ನಂಬಬೇಡಿ.

ಫಲಿತಾಂಶದ ಒಂದು ಭಾಗ ರೋಗದ ಕೈಯಲ್ಲೇ ಇದೆ. 1999ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದ ಯುಮನ್ ಫಾಂಗ್ ಮತ್ತು ಸಂಗಡಿಗರು 1001 ರೋಗಿಗಳ ದಾಖಲೆ ನೋಡಿ ಐದು ಅಂಕಗಳ ಲೆಕ್ಕವೊಂದನ್ನು ಕೊಟ್ಟರು. ಕರುಳಿನ ಪಕ್ಕದ ದುಗ್ಧಗ್ರಂಥಿಗಳಿಗೂ ಕ್ಯಾನ್ಸರ್ ತಗುಲಿದ್ದರೆ ಒಂದು ಅಂಕ. ಮೊದಲ ರೋಗಕ್ಕೂ ಲಿವರ್‌ನಲ್ಲಿ ಕಂಡದ್ದಕ್ಕೂ 12 ತಿಂಗಳಿಗಿಂತ ಕಡಿಮೆ ಅಂತರವಿದ್ದರೆ ಒಂದು. ಗಡ್ಡೆ ಒಂದಕ್ಕಿಂತ ಹೆಚ್ಚಿದ್ದರೆ ಒಂದು, ದೊಡ್ಡದು 5 ಸೆಂ.ಮೀ. ಮೀರಿದ್ದರೆ ಒಂದು, ರಕ್ತದಲ್ಲಿ ಸಿಇಎ, ಅಂದರೆ ಈ ಕ್ಯಾನ್ಸರ್‌ನಲ್ಲಿ ಏರುವ ಒಂದು ಪ್ರೋಟೀನ್, 200 ದಾಟಿದ್ದರೆ ಇನ್ನೊಂದು. ಅಂಕ ಏರಿದಷ್ಟೂ ದಾರಿ ಕಷ್ಟ. ಇದನ್ನು ನೀವೂ ಬದಲಿಸಲಾರಿರಿ, ಸರ್ಜನ್ ಕೂಡ. ಉಳಿದ ಭಾಗ ಆಪರೇಷನ್ ಯಾವಾಗ, ಹೇಗೆ, ಎಷ್ಟು ಎನ್ನುವುದರ ಮೇಲೆ ನಿಂತಿದೆ, ಈ ಬರಹವೂ ಅದರ ಬಗ್ಗೆಯೇ. ಎಲ್ಲರೂ "ಎಷ್ಟು ತೆಗೀತೀರಿ ಡಾಕ್ಟ್ರೇ?" ಅಂತ ಕೇಳುತ್ತಾರೆ. ನೀವು "ಎಷ್ಟು ಉಳಿಯುತ್ತೆ?" ಅಂತ ಕೇಳಿ.

1. ಮೊದಲು ಕಡತ ಸರಿಮಾಡಿ

ಬೇಕಾದ್ದು: ಕೊಲೊನೋಸ್ಕೋಪಿ ವರದಿ, ಕರುಳಿನ ಬಯಾಪ್ಸಿ ವರದಿ, ಎದೆ-ಹೊಟ್ಟೆ-ಕಿಬ್ಬೊಟ್ಟೆಯ ಸಿಟಿ, ಸಿಇಎ ಅಂಕಿಗಳು ತಾರೀಖಿನ ಸಮೇತ, ಕೆಆರ್‌ಎಎಸ್, ಬಿಆರ್‌ಎಎಫ್, ಎಂಎಸ್‌ಐ ಎಂಬ ಜೀನ್ ಪರೀಕ್ಷೆಗಳ ಫಲಿತಾಂಶ, ಯಾವ ಕೀಮೋ ಎಷ್ಟು ಬಾರಿ ಕೊಟ್ಟರು ಎಂಬ ಪಟ್ಟಿ. ಸ್ಕ್ಯಾನ್‌ನ ವರದಿ ಹಾಳೆ ಸಾಲದು, ಸಿ.ಡಿ.ಯನ್ನೋ ಪೆನ್‌ಡ್ರೈವನ್ನೋ ಕೇಳಿ ಪಡೆಯಿರಿ. ಸರ್ಜನ್‌ಗೆ ಬೇಕಿರುವುದು ಗಡ್ಡೆ ಇದೆಯೋ ಇಲ್ಲವೋ ಎಂಬ ಉತ್ತರವಲ್ಲ, ಯಾವ ರಕ್ತನಾಳಕ್ಕೆ ಎಷ್ಟು ಹತ್ತಿರ ಎಂಬುದು. ಅದು ಚಿತ್ರದಲ್ಲೇ ಕಾಣಬೇಕು. ಕೀಮೋ ಶುರುವಾಗುವ ಮೊದಲಿನ ಸ್ಕ್ಯಾನನ್ನು ಎಂದಿಗೂ ಕಳೆದುಕೊಳ್ಳಬೇಡಿ. ಕಾರಣ ಮೂರನೇ ಹಂತದಲ್ಲಿದೆ.

*ಎಡವುವ ಜಾಗ:* "ಲಿವರ್ ಗಂಟಿಗೂ ಸೂಜಿ ಹಾಕಿ ನೋಡೋಣ" ಅಂತ ಯಾರಾದರೂ ಅಂದರೆ, ಅದು ಬೇಕೇ ಬೇಕಾ ಅಂತ ಲಿವರ್ ಸರ್ಜನ್‌ರನ್ನು ಕೇಳಿ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶ ಉದುರಿ ಅಲ್ಲೇ ಬೇರೂರುವ ಅಪಾಯ ಸಣ್ಣದಾದರೂ ಇದೆ. ಕರುಳಿನ ಬಯಾಪ್ಸಿ ಕೈಯಲ್ಲಿದ್ದು ಸ್ಕ್ಯಾನ್ ಸ್ಪಷ್ಟವಿದ್ದರೆ, ತೆಗೆಯಬಹುದಾದ ಗಡ್ಡೆಗೆ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ.

2. ಕೀಮೋಗಿಂತ ಮೊದಲೇ ಲಿವರ್ ಸರ್ಜನ್‌ರನ್ನು ಕಾಣಿ

"ಆರು ತಿಂಗಳು ಕೀಮೋ ಆಗಲಿ, ಆಮೇಲೆ ನೋಡೋಣ" ಎಂಬ ಮಾತಿನಿಂದಾಗುವ ನಷ್ಟ ದೊಡ್ಡದು. ತೆಗೆಯಲು ಸಾಧ್ಯವೇ ಎಂಬುದನ್ನು ಹೇಳಬೇಕಾದವರು ಲಿವರ್ ಆಪರೇಷನ್‌ಗಳನ್ನು ನಿತ್ಯ ಮಾಡುವ ಸರ್ಜನ್. ನಮ್ಮಲ್ಲಿ ಇವರ ಬೋರ್ಡಿನ ಮೇಲೆ ಎಚ್‌ಪಿಬಿ ಸರ್ಜನ್ ಅಂತಲೋ ಸರ್ಜಿಕಲ್ ಗ್ಯಾಸ್ಟ್ರೋ ಅಂತಲೋ ಇರುತ್ತದೆ. ಎಚ್‌ಪಿಬಿ ಎಂದರೆ ಲಿವರ್, ಮೇದೋಜೀರಕ, ಪಿತ್ತನಾಳ. ಕ್ಯಾನ್ಸರ್ ಸರ್ಜನ್‌ಗಳಲ್ಲೂ ಈ ಕೆಲಸದಲ್ಲಿ ಪಳಗಿದವರಿದ್ದಾರೆ. ಸರ್ಜನ್, ಕೀಮೋ ವೈದ್ಯರು, ರೇಡಿಯಾಲಜಿಸ್ಟ್ ಒಟ್ಟಿಗೆ ಕೂತು ತೀರ್ಮಾನಿಸುವ ಸಭೆಗೆ ಟ್ಯೂಮರ್ ಬೋರ್ಡ್ ಅನ್ನುತ್ತಾರೆ. ನಿಮ್ಮ ಕೇಸು ಅಲ್ಲಿ ಬಂದಿತ್ತೇ, ಏನು ಬರೆದರು ಅಂತ ಕೇಳುವ ಹಕ್ಕು ನಿಮಗಿದೆ.

ಸಂಕೋಚವಿಲ್ಲದೆ ಕೇಳಬೇಕಾದ ಇನ್ನೆರಡು ಪ್ರಶ್ನೆಗಳು: ವರ್ಷಕ್ಕೆ ಇಲ್ಲಿ ಎಷ್ಟು ಲಿವರ್ ರಿಸೆಕ್ಷನ್ ಆಗುತ್ತವೆ? ರಿಸೆಕ್ಷನ್ ಎಂದರೆ ಲಿವರ್‌ನ ಒಂದು ಭಾಗವನ್ನು ಕತ್ತರಿಸಿ ತೆಗೆಯುವುದು. ಆಪರೇಷನ್ ಆದ 90 ದಿನಗಳೊಳಗೆ ತೀರಿಕೊಂಡವರು ನೂರಕ್ಕೆ ಎಷ್ಟು? ಮೂವತ್ತು ದಿನದ ಲೆಕ್ಕ ಹೇಳಿದರೆ ತೃಪ್ತರಾಗಬೇಡಿ. ಲಿವರ್ ಸೋತು ಆಗುವ ಸಾವು ನಿಧಾನವಾಗಿ, ಎರಡನೇ ತಿಂಗಳಲ್ಲೂ ಆಗುತ್ತದೆ. ಅನುಭವಸ್ಥ ಕೇಂದ್ರಗಳಲ್ಲಿ ಈ ಅಂಕಿ ಐದಕ್ಕಿಂತ ಕೆಳಗಿರುತ್ತದೆ. ಪ್ರಶ್ನೆಗೆ ಸಿಟ್ಟಾಗುವ ಸರ್ಜನ್‌ಗಿಂತ ಡೈರಿ ತೆಗೆದು ಲೆಕ್ಕ ಹೇಳುವ ಸರ್ಜನ್ ವಾಸಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಹೋಗುವವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಈಗಲೇ ಕಂಡು, ಆಪರೇಷನ್ ಎರಡು ಕಂತಿನಲ್ಲಾದರೆ ಪೂರ್ವಾನುಮತಿ ಹೇಗೆ ಎಂದು ಕೇಳಿಟ್ಟುಕೊಳ್ಳಿ. ತಾರೀಖು ಗೊತ್ತಾದ ಮೇಲೆ ಓಡಾಡಿದರೆ ವಾರಗಳು ಕೈಜಾರುತ್ತವೆ.

3. ಕೀಮೋ ಎಷ್ಟು ಸಾಕು ಎಂಬ ಲೆಕ್ಕ

ಕೀಮೋದಿಂದ ಗಡ್ಡೆ ಕುಗ್ಗುತ್ತದೆ, ಲಿವರ್‌ಗೂ ಪೆಟ್ಟು ಬೀಳುತ್ತದೆ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಹೆಚ್ಚಾದರೆ ಲಿವರ್ ಒಳಗಿನ ಸಣ್ಣ ರಕ್ತದಾರಿಗಳು ಹಾಳಾಗಿ ಅದು ನೀಲಿಗಟ್ಟುತ್ತದೆ. ಇರಿನೋಟೆಕಾನ್ ಎಂಬ ಇನ್ನೊಂದು ಔಷಧಿ ಹೆಚ್ಚಾದರೆ ಕೊಬ್ಬು ತುಂಬಿ, ಉರಿಯೂತವೂ ಸೇರಿ ಹಳದಿಯಾಗುತ್ತದೆ. ಸರ್ಜನ್‌ಗಳು ತಮ್ಮೊಳಗೆ ಇದನ್ನು ಬ್ಲೂ ಲಿವರ್, ಯೆಲ್ಲೋ ಲಿವರ್ ಅಂತಲೇ ಕರೆಯುತ್ತಾರೆ. ಹೊಟ್ಟೆ ತೆರೆದ ಕೂಡಲೇ ಬಣ್ಣ ಕಣ್ಣಿಗೆ ಬೀಳುತ್ತದೆ. ನೀಲಿಯದು ಹೆಚ್ಚು ರಕ್ತ ಸುರಿಸುತ್ತದೆ. ಹಳದಿಯದು ಆಪರೇಷನ್ ನಂತರ ಸೋಲುವ ಭಯ ಹೆಚ್ಚು. ಸಕ್ಕರೆ ಕಾಯಿಲೆಯಿಂದ, ಮದ್ಯದಿಂದ ಮೊದಲೇ ಕೊಬ್ಬು ಕಟ್ಟಿದ್ದರೆ ಕೇಳುವುದೇ ಬೇಡ.

ಆದ್ದರಿಂದ ಗಡ್ಡೆ ತೆಗೆಯುವ ಹದಕ್ಕೆ ಬಂದ ದಿನವೇ ಕೀಮೋ ನಿಲ್ಲಿಸುವುದು ಸರಿ. ಎರಡು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಸರ್ಜನ್‌ಗೆ ತೋರಿಸುತ್ತಿರಿ. ಕೊನೆಯ ಕೀಮೋಗೂ ಆಪರೇಷನ್‌ಗೂ ನಡುವೆ ಸಾಮಾನ್ಯವಾಗಿ 4ರಿಂದ 6 ವಾರ ಬಿಡುವು ಬೇಕು. ಕೀಮೋ ಜೊತೆ ಬೆವಾಸಿಜುಮ್ಯಾಬ್ ಎಂಬ ಔಷಧಿ ಕೊಟ್ಟಿದ್ದರೆ ಆರು ವಾರ, ಯಾಕೆಂದರೆ ಅದು ಗಾಯ ಮಾಯುವುದನ್ನು ತಡೆಯುತ್ತದೆ.

*ಎಡವುವ ಜಾಗ:* "ಸ್ಕ್ಯಾನ್‌ನಲ್ಲಿ ಗಡ್ಡೆಯೇ ಕಾಣ್ತಿಲ್ಲ, ಮಾಯ ಆಗಿದೆ!" ಅಂತ ಮನೆಯಲ್ಲಿ ಸಿಹಿ ಹಂಚುತ್ತಾರೆ. ಸಿಟಿಯಲ್ಲಿ ಮಾಯವಾದ ಗಡ್ಡೆಗಳಲ್ಲಿ ಹೆಚ್ಚಿನವುಗಳ ಜಾಗದಲ್ಲಿ ಜೀವಂತ ಕೋಶಗಳು ಉಳಿದಿರುತ್ತವೆ. ಈಗ ಎಲ್ಲಿ ಕತ್ತರಿಸಬೇಕೆಂಬುದೇ ಸರ್ಜನ್‌ಗೆ ತಿಳಿಯದು. ಹಳೆಯ ಸ್ಕ್ಯಾನ್ ಬೇಕಾಗುವುದು ಇಲ್ಲಿಯೇ. ಸಣ್ಣ ಗಡ್ಡೆಗಳಿದ್ದರೆ ಕೀಮೋಗೆ ಮೊದಲೇ ಲಿವರ್‌ಗೆಂದೇ ಇರುವ ಕಾಂಟ್ರಾಸ್ಟ್ ಔಷಧಿ ಹಾಕಿ ಎಂಆರ್‌ಐ ಮಾಡಿಸುವುದು ಒಳ್ಳೆಯದು. ಸಿಟಿಗೆ ಸಿಗದ ಒಂದು ಸೆಂಟಿಮೀಟರ್ ಒಳಗಿನ ಗಂಟುಗಳು ಅದರಲ್ಲಿ ಸಿಗುತ್ತವೆ.

4. ಉಳಿಯುವ ಲಿವರ್ ಅಳೆಸಿ

ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದೇ ಮುಖ್ಯ. ಫ್ರಾನ್ಸಿನ ಕ್ಲೋಡ್ ಕ್ವಿನೋ 1950ರ ದಶಕದಲ್ಲಿ ಲಿವರನ್ನು ಎಂಟು ತುಂಡುಗಳಾಗಿ ವಿಂಗಡಿಸಿ ತೋರಿಸಿದರು. ಪ್ರತಿ ತುಂಡಿಗೂ ಅದರದೇ ರಕ್ತ ಬರುವ ದಾರಿ, ಅದರದೇ ಪಿತ್ತ ಹೋಗುವ ದಾರಿ. ಹಲಸಿನ ತೊಳೆಗಳಂತೆ ಅಂದುಕೊಳ್ಳಿ, ಆದರೆ ನಡುವಿನ ಗೆರೆ ಹೊರಗಿನಿಂದ ಕಾಣದು. ಹೀಗಾಗಿಯೇ ಕೆಲವು ತುಂಡು ತೆಗೆದು ಉಳಿದವನ್ನು ಬದುಕಿಸಿಡಲು ಸಾಧ್ಯ. ಉಳಿದ ಭಾಗ ವಾರಗಳಲ್ಲೇ ಬೆಳೆಯತೊಡಗುತ್ತದೆ. ಕತ್ತರಿಸಿದ ತುಂಡು ಮತ್ತೆ ಮೊಳೆಯುವುದಿಲ್ಲ, ಇರುವ ತುಂಡುಗಳೇ ಉಬ್ಬಿ ಜಾಗ ತುಂಬುತ್ತವೆ.

ಆದರೆ ಆ ಮೊದಲ ವಾರಗಳನ್ನು ದಾಟುವಷ್ಟು ಉಳಿದಿರಬೇಕಲ್ಲ? ಆರೋಗ್ಯವಂತ ಲಿವರ್‌ನಲ್ಲಿ ಕನಿಷ್ಠ 20%, ದೀರ್ಘ ಕೀಮೋ ಕಂಡ ಲಿವರ್‌ನಲ್ಲಿ 30%, ಸಿರೋಸಿಸ್ ಇದ್ದರೆ 40% ಉಳಿಯಬೇಕು ಎನ್ನುವುದು ರೂಢಿಯಲ್ಲಿರುವ ಲೆಕ್ಕ. ಸಿರೋಸಿಸ್ ಎಂದರೆ ಲಿವರ್ ಕಲೆಗಟ್ಟಿ ಗಡುಸಾಗಿರುವುದು. ಉದಾಹರಣೆಗೆ ಒಟ್ಟು 1400 ಮಿ.ಲೀ. ಲಿವರ್, ಬಲಗಡೆಯದನ್ನೆಲ್ಲ ತೆಗೆದರೆ ಎಡಗಡೆ 350 ಮಿ.ಲೀ. ಉಳಿಯುತ್ತದೆ ಅನ್ನಿ. ಅಂದರೆ 25%. ಕೀಮೋ ಆಗದವರಿಗೆ ನಡೆಯುತ್ತದೆ, ಹತ್ತು ಸೈಕಲ್ ಆದವರಿಗೆ ನಡೆಯುವುದಿಲ್ಲ. ಗಡ್ಡೆ ಅದೇ, ಆಪರೇಷನ್ ಅದೇ, ಉತ್ತರ ಮಾತ್ರ ಬೇರೆ. ಈ ಅಳತೆಯನ್ನು ಸಿಟಿ ಚಿತ್ರದಿಂದ ಕಂಪ್ಯೂಟರಿನಲ್ಲಿ ಮಾಡುತ್ತಾರೆ, ಹೆಸರು ವಾಲ್ಯುಮೆಟ್ರಿ. ದೊಡ್ಡ ಭಾಗ ತೆಗೆಯುವುದಿದ್ದರೆ ಆ ಹಾಳೆ ನಿಮ್ಮ ಕಡತದಲ್ಲಿರಲಿ.

ಸಾಲದಿದ್ದರೆ ದಾರಿಗಳಿವೆ. ತೆಗೆಯಬೇಕಾದ ಕಡೆಯ ಪೋರ್ಟಲ್ ಸಿರೆಯನ್ನು ಒಳಗಿನಿಂದಲೇ ಮುಚ್ಚಿಬಿಡುತ್ತಾರೆ. ಆ ರಕ್ತವೂ ಉಳಿಯುವ ಭಾಗಕ್ಕೇ ಹರಿದು, 4ರಿಂದ 6 ವಾರಗಳಲ್ಲಿ ಅದು ಬೆಳೆಯುತ್ತದೆ. ಪೋರ್ಟಲ್ ವೇನ್ ಎಂಬೋಲೈಸೇಷನ್ ಎಂಬ ಈ ಉಪಾಯ ಜಪಾನಿನ ಸರ್ಜನ್‌ಗಳಿಂದ ಬಂದದ್ದು. ನಂತರದ ಸ್ಕ್ಯಾನ್‌ನಲ್ಲಿ ಬೆಳೆಯದಿದ್ದರೆ, ಆ ಲಿವರ್‌ಗೆ ದೊಡ್ಡ ಆಪರೇಷನ್ ತಡೆಯುವ ಶಕ್ತಿಯಿಲ್ಲವೆಂದು ಮೊದಲೇ ತಿಳಿದಂತಾಯಿತು. ಎರಡೂ ಕಡೆ ಗಡ್ಡೆಗಳಿದ್ದರೆ ಒಂದು ಕಡೆಯದನ್ನು ಮೊದಲು ತೆಗೆದು, ಬೆಳೆಯಲು ಬಿಟ್ಟು, ಇನ್ನೊಂದು ಕಡೆಗೆ ಎರಡನೇ ಸಲ ಹೋಗುವುದೂ ಉಂಟು.

*ಎಡವುವ ಜಾಗ:* ಕಾಯುವ ವಾರಗಳಲ್ಲಿ "ಲಿವರ್‌ಗೆ ಒಳ್ಳೇದು" ಎಂದು ನಾಟಿ ಔಷಧಿ, ಕಷಾಯ ಶುರುಮಾಡುವುದು. ಕಾಮಾಲೆ ಔಷಧಿಯ ಮೇಲಿನ ನಂಬಿಕೆ ನಮ್ಮಲ್ಲಿ ಆಳವಾಗಿದೆ, ಗೊತ್ತು. ಆದರೆ ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಹಾನಿಯಾದ ಪ್ರಕರಣಗಳು ಭಾರತದಲ್ಲೇ ವರದಿಯಾಗಿವೆ. ಗ್ರಾಂ ಲೆಕ್ಕದಲ್ಲಿ ಲಿವರ್ ಅಳೆಯುತ್ತಿರುವ ಹೊತ್ತಿನಲ್ಲಿ ಈ ಜೂಜು ಬೇಡ. ಬೀಡಿ, ಸಿಗರೇಟು, ಮದ್ಯ ನಿಲ್ಲಿಸಿ. ದಿನಾ ನಡೆಯಿರಿ. ಮೊಟ್ಟೆ, ಬೇಳೆ, ಮೊಸರು, ಮೀನು ಬಿಡಬೇಡಿ.

5. ಕರುಳು ಮೊದಲೋ, ಲಿವರ್ ಮೊದಲೋ

ಎರಡೂ ಒಟ್ಟಿಗೆ ಪತ್ತೆಯಾದರೆ ಈ ಪ್ರಶ್ನೆ. ಕರುಳು ಕಟ್ಟಿಕೊಂಡಿದ್ದರೆ ಅಥವಾ ರಕ್ತ ಹೋಗುತ್ತಿದ್ದರೆ ಅದೇ ಮೊದಲು. ಲಿವರ್‌ನದು ಹೆಚ್ಚಿದ್ದು ಕರುಳು ಸುಮ್ಮನಿದ್ದರೆ ಲಿವರ್ ಮೊದಲು. ಎರಡೂ ಸಣ್ಣ ಆಪರೇಷನ್ ಆದರೆ ಒಂದೇ ಸಲ ಮುಗಿಸಬಹುದು. ಎರಡೂ ದೊಡ್ಡವಾದರೆ ಒಂದೇ ದಿನ ಮಾಡಿ ಮುಗಿಸುವ ಆಸೆಗೆ ಬೀಳಬೇಡಿ. "ಒಂದೇ ಅರಿವಳಿಕೆಯಲ್ಲಿ ಆಗಿಬಿಡಲಿ" ಎನ್ನುವುದು ಮನೆಯವರ ಅನುಕೂಲದ ಮಾತು.

6. ಅಂಚು ಮತ್ತು ಉಳಿತಾಯ

ಗಡ್ಡೆಯ ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಲಿವರ್ ಸೇರಿಸಿ ತೆಗೆಯಲೇಬೇಕು ಎಂಬ ನಿಯಮ ಬಹಳ ಕಾಲ ನಡೆಯಿತು. ಅಷ್ಟು ಸಿಗದು ಎಂದು ಎಷ್ಟೋ ಜನರನ್ನು ವಾಪಸ್ ಕಳಿಸುತ್ತಿದ್ದರು. ಈಗ ಒಂದು ಮಿಲಿಮೀಟರ್ ಶುದ್ಧ ಅಂಚು ಸಿಕ್ಕರೂ ಸಾಕೆಂದು ಹೆಚ್ಚಿನವರು ಒಪ್ಪುತ್ತಾರೆ. ಅಂಚಿನಲ್ಲೇ ಕ್ಯಾನ್ಸರ್ ಉಳಿದರೆ ಮಾತ್ರ ಫಲಿತಾಂಶ ಕೆಡುತ್ತದೆ.

ಇದರಿಂದ ದೊಡ್ಡ ಬದಲಾವಣೆಯಾಯಿತು. ಬಲಭಾಗದ ಒಂದು ಸಣ್ಣ ಗಂಟಿಗೆ ಇಡೀ ಬಲ ಲಿವರ್, ಅಂದರೆ ಒಟ್ಟಿನ ಸುಮಾರು 60%, ತೆಗೆಯುವ ಬದಲು ಗಂಟನ್ನಷ್ಟೇ ಕೆತ್ತಿ ತೆಗೆದು ಉಳಿದದ್ದನ್ನು ಕಾಪಾಡುತ್ತಾರೆ. ಮುಂದೆ ಲಿವರ್‌ನಲ್ಲೇ ಮರುಕಳಿಸಿದರೆ ಎರಡನೇ ಆಪರೇಷನ್‌ಗೆ ಬಂಡವಾಳ ಇರುತ್ತದೆ. "ಸೇಫ್ಟಿಗೆ ಜಾಸ್ತಿ ತೆಗೆದುಬಿಡಿ" ಅಂತ ನೀವು ಒತ್ತಾಯಿಸಬೇಡಿ. ಸರ್ಜನ್ ದೊಡ್ಡದೇ ಬೇಕು ಅಂದರೆ ಯಾವ ರಕ್ತನಾಳಕ್ಕೆ ಅಂಟಿದೆ ಅಂತ ತೋರಿಸಲು ಕೇಳಿ. ಕಾರಣವಿದ್ದರೆ ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

7. ತೆರೆದೋ, ತೂತಿನಿಂದಲೋ, ಸುಟ್ಟೋ

ತೂತಿನ ಆಪರೇಷನ್, ಅಂದರೆ ಲ್ಯಾಪರೋಸ್ಕೋಪಿ, ಕ್ಯಾನ್ಸರ್ ಪೂರ್ತಿ ತೆಗೆಯಲು ಸಾಲದೇನೋ ಎಂಬ ಅನುಮಾನ ಹಲವರಿಗಿದೆ. ನಾರ್ವೆಯ ಓಸ್ಲೋದಲ್ಲಿ 280 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದರು. ತೊಡಕುಗಳು ತೆರೆದ ಆಪರೇಷನ್‌ನಲ್ಲಿ 31%, ತೂತಿನದರಲ್ಲಿ 19%. ಐದು ವರ್ಷದ ಬದುಕುಳಿಯುವಿಕೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಆದರೆ ಅದು ಪಳಗಿದ ಕೈಗಳ ಫಲಿತಾಂಶ, ಗಡ್ಡೆಯ ಜಾಗವೂ ಅನುಕೂಲವಾಗಿರಬೇಕು.

ಮೂರು ಸೆಂಟಿಮೀಟರ್ ಒಳಗಿನ ಗಡ್ಡೆಗಳನ್ನು ಸೂಜಿಯಂಥ ಸಾಧನ ಚುಚ್ಚಿ ಶಾಖದಿಂದ ಸುಡುವ ಅಬ್ಲೇಷನ್ ಕೂಡ ಈಗ ಎರಡನೇ ದರ್ಜೆಯ ಚಿಕಿತ್ಸೆಯಲ್ಲ. ನೆದರ್ಲೆಂಡ್ಸ್ ಮುಂದಾಳತ್ವದ ಕೊಲಿಷನ್ ಪ್ರಯೋಗದಲ್ಲಿ ಅದು ಆಪರೇಷನ್‌ಗೆ ಕಡಿಮೆಯಿಲ್ಲ, ತೊಡಕು ಕಡಿಮೆ ಎಂದು ಕಂಡಿತು. ದೊಡ್ಡ ಪಿತ್ತನಾಳದ ಪಕ್ಕದಲ್ಲಿ ಸುಡಲಾಗದು. ದೊಡ್ಡ ರಕ್ತನಾಳದ ಪಕ್ಕದಲ್ಲಾದರೆ ಹರಿಯುವ ರಕ್ತ ಶಾಖವನ್ನು ಹೊತ್ತೊಯ್ದು ಅಂಚು ಬೇಯದೆ ಉಳಿಯುತ್ತದೆ.

8. ಥಿಯೇಟರ್ ಒಳಗೆ: ರಕ್ತದ ಲೆಕ್ಕ

ಲಿವರ್ ಎಂದರೆ ರಕ್ತದಲ್ಲಿ ನೆನೆದ ಸ್ಪಂಜು. ಹೆಚ್ಚು ರಕ್ತ ಹೋಗಿ, ಬೇರೆಯವರ ರಕ್ತ ಏರಿಸಬೇಕಾದವರಲ್ಲಿ ತೊಡಕುಗಳು ಹೆಚ್ಚು, ಮರುಕಳಿಸುವುದೂ ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ಒಳ್ಳೆಯ ತಂಡ ಎರಡು ನಲ್ಲಿಗಳನ್ನು ಹಿಡಿತದಲ್ಲಿಟ್ಟಿರುತ್ತದೆ.

ಒಳಬರುವ ನಲ್ಲಿ ಸರ್ಜನ್ ಕೈಯಲ್ಲಿ. ಗ್ಲ್ಯಾಸ್ಗೋದ ಹೋಗಾರ್ತ್ ಪ್ರಿಂಗಲ್ 1908ರಲ್ಲಿ ಹೇಳಿಕೊಟ್ಟ ವಿಧಾನವೇ ಇವತ್ತಿಗೂ: ಲಿವರ್ ಬುಡದಲ್ಲಿ ರಕ್ತ ತರುವ ನಾಳಗಳ ಕಟ್ಟಿಗೆ ಪಟ್ಟಿ ಸುತ್ತಿ ಬಿಗಿಯುವುದು. 15 ನಿಮಿಷ ಬಿಗಿ, 5 ನಿಮಿಷ ಸಡಿಲ. ನರ್ಸ್ ಒಬ್ಬರು ಗಡಿಯಾರ ನೋಡಿ ಕೂಗುತ್ತಿರುತ್ತಾರೆ, ಸಡಿಲಿಸಿದಾಗ ಮಾಸಿದ ಲಿವರ್ ಮತ್ತೆ ಕೆಂಪೇರುತ್ತದೆ. ಹಿಂದಿನಿಂದ ನುಗ್ಗುವ ನಲ್ಲಿ ಅರಿವಳಿಕೆ ವೈದ್ಯರ ಕೈಯಲ್ಲಿ. ಲಿವರ್‌ನ ಸಿರೆಗಳು ಹೃದಯಕ್ಕೆ ಹೋಗುವ ಮಹಾಸಿರೆಗೆ ಸೇರುವುದರಿಂದ, ಅಲ್ಲಿ ಒತ್ತಡ ಹೆಚ್ಚಿದ್ದರೆ ಕತ್ತರಿಸಿದ ಮೈಯಿಂದ ರಕ್ತ ಉಕ್ಕುತ್ತದೆ. ಅದಕ್ಕೇ ಕತ್ತರಿಸುವವರೆಗೂ ಡ್ರಿಪ್ ಕಡಿಮೆ ಹರಿಸುತ್ತಾರೆ. ಲಿವರ್ ಆಪರೇಷನ್‌ಗಳ ಅನುಭವವಿರುವ ಅರಿವಳಿಕೆ ವೈದ್ಯರು ಯಾರು ಅಂತ ನೀವು ಕೇಳಲೇಬೇಕು. ಬಹುತೇಕರು ಕೇಳುವುದಿಲ್ಲ.

ಇನ್ನೊಂದು ಪ್ರಶ್ನೆ: ಥಿಯೇಟರ್‌ನಲ್ಲೇ ಲಿವರ್ ಮೇಲೆ ಅಲ್ಟ್ರಾಸೌಂಡ್ ಇಟ್ಟು ನೋಡುತ್ತಾರಾ? ಸ್ಕ್ಯಾನ್‌ಗಳಿಗೆ ಸಿಗದ ಗಡ್ಡೆ ಅಲ್ಲಿ ಸಿಗುವುದುಂಟು, ಯೋಜನೆ ಮೇಜಿನ ಮೇಲೇ ಬದಲಾಗುವುದೂ ಉಂಟು. ಬದಲಾದರೆ ಏನು ಮಾಡಬಹುದು ಎಂಬುದನ್ನು ಒಪ್ಪಿಗೆ ಪತ್ರದ ಹೊತ್ತಿಗೇ ಮಾತಾಡಿಕೊಳ್ಳಿ.

9. ಮೊದಲ ವಾರ

ಹೊಟ್ಟೆಯಿಂದ ಡ್ರೇನ್ ಎಂಬ ಕೊಳವೆ ಇಟ್ಟಿದ್ದರೆ ಅದರ ಬಣ್ಣ ನೋಡುತ್ತಿರಿ. ತೆಳು ಕೆಂಪು, ಆಮೇಲೆ ಒಣಹುಲ್ಲಿನ ಬಣ್ಣ ಸರಿ. ಅರಿಸಿನ-ಹಸಿರು ಬೆರೆತಂತಾದರೆ ಪಿತ್ತ ಸೋರುತ್ತಿರಬಹುದು, ಕೂಡಲೇ ಹೇಳಿ. ಹೆಚ್ಚಿನ ಸೋರಿಕೆ ಕೊಳವೆಯಲ್ಲೇ ಹೋಗಿ ತಾನಾಗಿ ನಿಲ್ಲುತ್ತದೆ, ಸುಮ್ಮನೆ ಒಳಗೆ ಕೂತರೆ ಸೋಂಕು. ಐದನೇ ದಿನದ ರಕ್ತಪರೀಕ್ಷೆ ಕೇಳಿ ನೋಡಿ: ಕಾಮಾಲೆ ತೋರಿಸುವ ಬಿಲಿರುಬಿನ್ ಸುಮಾರು 3 ಮಿ.ಗ್ರಾಂ ಹತ್ತಿರ ಅಥವಾ ಮೀರಿ, ರಕ್ತ ಹೆಪ್ಪುಗಟ್ಟುವ ಶಕ್ತಿ ಅರ್ಧಕ್ಕಿಂತ ಕೆಳಗೆ, ಎರಡೂ ಸೇರಿದರೆ ಅಪಾಯದ ಗಂಟೆ. ಮಂಕು ಬಡಿದಂತೆ ಮಾತು ತೊದಲಿದರೆ ಬೆಳಗಾಗುವವರೆಗೆ ಕಾಯಬೇಡಿ.

ಮನೆಗೆ ಬಂದ ಮೇಲೆ ಪಥ್ಯದ ಹೆಸರಲ್ಲಿ ಬರೀ ಗಂಜಿ ಕೊಡಬೇಡಿ. ಬೆಳೆಯುತ್ತಿರುವ ಲಿವರ್‌ಗೆ ಪ್ರೋಟೀನ್ ಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಕೊಡುವ ಚರ್ಮದಡಿಯ ಇಂಜೆಕ್ಷನ್ ಕೆಲವೊಮ್ಮೆ ನಾಲ್ಕು ವಾರವಿರುತ್ತದೆ, ನಡುವೆ ಬಿಡಬೇಡಿ.

10. ವರದಿ, ಗಸ್ತು, ಎರಡನೇ ಸುತ್ತು

ಪೆಥಾಲಜಿ ವರದಿಯಲ್ಲಿ ಮೂರು ಸಾಲು ಹುಡುಕಿ. ಅಂಚು ಎಷ್ಟು ಮಿಲಿಮೀಟರ್, ಕೀಮೋಗೆ ಗಡ್ಡೆಯಲ್ಲಿ ಎಷ್ಟು ಭಾಗ ಸತ್ತಿದೆ, ಪಕ್ಕದ ಲಿವರ್ ಸ್ಥಿತಿ ಏನು. ಆಮೇಲಿನ ಗಸ್ತು ಸಾಮಾನ್ಯವಾಗಿ ಹೀಗೆ: ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಸಿಇಎ, ಮೂರರಿಂದ ಆರು ತಿಂಗಳಿಗೊಮ್ಮೆ ಸಿಟಿ, ನಂತರ ಐದು ವರ್ಷದವರೆಗೆ ಅಂತರ ಹಿಗ್ಗುತ್ತದೆ. "ಚೆನ್ನಾಗೇ ಇದ್ದಾರಲ್ಲ" ಅಂತ ತಪ್ಪಿಸುವವರೇ ಜಾಸ್ತಿ. ಗಡ್ಡೆ ಸಣ್ಣದಿರುವಾಗ ಸಿಕ್ಕರೆ ಎರಡನೇ ಆಪರೇಷನ್ ಅಥವಾ ಅಬ್ಲೇಷನ್ ಸಾಧ್ಯ. ಆರಿಸಿದ ರೋಗಿಗಳಲ್ಲಿ ಎರಡನೆಯದರ ಫಲಿತಾಂಶವೂ ಮೊದಲನೆಯದರ ಹತ್ತಿರಕ್ಕೇ ಬರುತ್ತದೆ.

ತೆಗೆಯಲು ಸಾಧ್ಯವೇ ಇಲ್ಲ ಎಂದವರಿಗೆ ಲಿವರ್ ಕಸಿ ಆಗದೇ ಅಂತಲೂ ಕೇಳುತ್ತಾರೆ. ಫ್ರಾನ್ಸ್ ಮುಂದಾಳತ್ವದ ಟ್ರಾನ್ಸ್‌ಮೆಟ್ ಪ್ರಯೋಗದ 2024ರ ವರದಿಯಲ್ಲಿ, ಕಸಿ ಮತ್ತು ಕೀಮೋ ಎರಡಕ್ಕೂ ಆರಿಸಿದವರಲ್ಲಿ ಐದು ವರ್ಷ ಬದುಕಿದ್ದವರು 56.6%, ಬರೀ ಕೀಮೋಗೆ ಆರಿಸಿದವರಲ್ಲಿ 12.6%. ಆದರೆ ಅಲ್ಲಿಗೆ ಆರಿಸಿದ್ದು ಬಹಳ ಬಿಗಿ ಜರಡಿ ಹಿಡಿದು, ಲಿವರ್ ಬಿಟ್ಟು ಬೇರೆಲ್ಲೂ ರೋಗವಿಲ್ಲದ, ಕೀಮೋಗೆ ಚೆನ್ನಾಗಿ ಬಗ್ಗಿದ 94 ಮಂದಿಯನ್ನು ಮಾತ್ರ.

ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವ ಕಾಗದ ಒಂದಿದೆ: ಆಪರೇಷನ್ ನೋಟ್. ಡಿಸ್ಚಾರ್ಜ್ ಸಾರಾಂಶದ ಎರಡು ಸಾಲಲ್ಲ, ಸರ್ಜನ್ ಬರೆದ ಪೂರ್ತಿ ನೋಟ್. ಯಾವ ತುಂಡು ತೆಗೆದರು, ಯಾವ ಸಿರೆ ಉಳಿಸಿದರು, ಎಷ್ಟು ಹೊತ್ತು ಬಿಗಿದಿದ್ದರು, ಎಲ್ಲಿ ಕ್ಲಿಪ್ ಹಾಕಿದರು ಎಲ್ಲ ಅದರಲ್ಲಿರುತ್ತದೆ. ಮೂರು ವರ್ಷದ ಮೇಲೆ ಬೇರೆ ಊರಿನಲ್ಲಿ, ಬೇರೆ ಸರ್ಜನ್ ಎರಡನೇ ಸಲ ಒಳಹೋಗಬೇಕಾದರೆ ಮೊದಲು ಕೇಳುವುದು ಅದನ್ನೇ. ಜೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ.